ಬೆಕ್ಕುಮೀನಿನ ರಕ್ತ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಎಲ್ಲಿ ಹುಡುಕಬೇಕು?

ಜನವರಿಯ ಒಂದು ಬೆಳಗ್ಗೆ ಆರೂವರೆ. ಹೆಸರಘಟ್ಟದ ಹತ್ತಿರದ ನನ್ನ ಟಾರ್ಪಾಲಿನ್ ತೊಟ್ಟಿಯಲ್ಲಿ ಮಾಗೂರ್ ಅನ್ನುವ ಬೆಕ್ಕುಮೀನುಗಳೆಲ್ಲ ಮೇಲೆ ಬಂದು ಬಾಯಿ ಬಡಿಯುತ್ತಿದ್ದವು. ನೀರಿಗೆ ಗಾಳಿ ಊದುವ ಏರೇಟರ್ ಓಡುತ್ತಿದೆ. ಮೀಟರ್ ಅದ್ದಿದರೆ ಲೀಟರಿಗೆ 6 ಮಿಲಿಗ್ರಾಂ ಆಮ್ಲಜನಕ ಅಂತ ತೋರಿಸುತ್ತಿದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಇಲ್ಲಿ 25 ಡಿಗ್ರಿ ನೀರು ಹಿಡಿದಿಟ್ಟುಕೊಳ್ಳುವುದೇ ಸುಮಾರು 7.4 ಮಿಲಿಗ್ರಾಂ. ಅಂದರೆ 6 ಏನೂ ಕಮ್ಮಿಯಲ್ಲ. ಆದರೂ ಮೀನು ಉಸಿರಿಗೆ ಒದ್ದಾಡುತ್ತಿವೆ.

ನಾನು ಮಾಡಿದ ಮೊದಲ ಕೆಲಸ ಎಲ್ಲರೂ ಮಾಡುವುದೇ. ಇನ್ನೊಂದು ಏರೇಟರ್ ತಂದು ಹಾಕಿದೆ. ಸಾವಿರಾರು ರೂಪಾಯಿ ಖರ್ಚಾಯಿತು, ಗುಳ್ಳೆ ಜಾಸ್ತಿಯಾಯಿತು, ಮೀನು ಹಾಗೇ ಇದ್ದವು. ಮಧ್ಯಾಹ್ನ ಒಂದು ಸತ್ತಿತು. ಅದರ ಕಿವಿರು ಎತ್ತಿ ನೋಡಿದಾಗ ಗೊತ್ತಾಯಿತು, ತಪ್ಪು ನೀರಿನ ಗಾಳಿಯಲ್ಲಿಲ್ಲ. ಕಿವಿರು ಕೆಂಪಗಿರಲಿಲ್ಲ. ಫಿಲ್ಟರಿನಿಂದ ಆಗತಾನೇ ಇಳಿದ ಡಿಕಾಕ್ಷನ್ ಬಣ್ಣದಲ್ಲಿತ್ತು.

ಅವತ್ತಿನಿಂದ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಹತ್ತಿರ ಹೋಲಿಸಿ ನೋಡಲು ಒಂದು ಅನುಕೂಲ ಇತ್ತು. ಒಂದೇ ಕಡೆ ತಂದ ಮರಿಗಳು ಮೂರು ಕಡೆ ಬೆಳೆಯುತ್ತಿದ್ದವು. ಹೆಸರಘಟ್ಟದ ಬಯೋಫ್ಲಾಕ್ ತೊಟ್ಟಿ (ಫ್ಲಾಕ್ ಅನ್ನುವ ಬ್ಯಾಕ್ಟೀರಿಯಾ ಮುದ್ದೆಗಳು ಕೊಳೆಯನ್ನು ತಿನ್ನುವ ಟಾರ್ಪಾಲಿನ್ ತೊಟ್ಟಿ), ಯಲಹಂಕದ ಮನೆ ಹಿಂದಿನ ಸಿಮೆಂಟ್ ತೊಟ್ಟಿ, ದೊಡ್ಡಬಳ್ಳಾಪುರದ ಹತ್ತಿರ ಸ್ನೇಹಿತರ ತೋಟದ ಮಣ್ಣಿನ ಕೊಳ. ಮರಿ ಒಂದೇ, ಮೇವಿನ ಚೀಲವೂ ಒಂದೇ. ಬೇರೆಯಾಗಿದ್ದದ್ದು ಇರುವ ಜಾಗ ಮಾತ್ರ. ಮೂರು ಕಡೆಯೂ ರಕ್ತ ಮೂರು ಥರ ಇತ್ತು.

(ಇಲ್ಲಿ ಹೇಳುತ್ತಿರುವುದು ದೇಶಿ ಮಾಗೂರ್ ಬಗ್ಗೆ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಗೆ ನಮ್ಮಲ್ಲಿ ನಿಷೇಧವಿದೆ. "ಮಾಗೂರ್ ಮರಿ" ಅಂತ ಅದನ್ನೇ ತಗುಲಿಸುವವರೂ ಇದ್ದಾರೆ, ಹುಷಾರು.)

ಮೊದಲು ಬಿಳಿ ಟೈಲ್ಸ್, ಆಮೇಲೆ ಲ್ಯಾಬ್

ಯಾವ ಯಂತ್ರಕ್ಕಿಂತ ಮೊದಲು ಒಂದು ತುಂಡು ಬಿಳಿ ಟೈಲ್ಸ್ ಇಟ್ಟುಕೊಳ್ಳಿ. ಬಾತ್‌ರೂಮ್ ಕೆಲಸದಲ್ಲಿ ಉಳಿದದ್ದು ಸಾಕು.

ಮೀನನ್ನು ಮೊದಲು ಮಂಪರಿಗೆ ತರಬೇಕು. 10 ಲೀಟರ್ ನೀರಿಗೆ ಸುಮಾರು ಅರ್ಧ ಮಿಲಿ ಲವಂಗದ ಎಣ್ಣೆ. ಎಣ್ಣೆ ನೇರವಾಗಿ ನೀರಿನಲ್ಲಿ ಕರಗುವುದಿಲ್ಲ. ಸ್ವಲ್ಪ ಸ್ಪಿರಿಟ್‌ನಲ್ಲಿ ಕಲಸಿ ಹಾಕಿ. ಎದೆಯ ರೆಕ್ಕೆಯ ಮುಳ್ಳಿನ ಹತ್ತಿರ ಬೆರಳು ಬೇಡ. ಅದು ಚುಚ್ಚಿದರೆ ಸಾಯಂಕಾಲದವರೆಗೆ ನಿಮ್ಮದೇ ರಕ್ತದ ಬಗ್ಗೆ ಯೋಚನೆ ಮಾಡುತ್ತೀರಿ. ಮೀನು ಒದ್ದಾಡುವುದು ನಿಂತ ಮೇಲೆ ಬಾಲದ ಕಡೆ, ಬೆನ್ನುಮೂಳೆಯ ಕೆಳಗೆ ಓಡುವ ನಾಳದಿಂದ ಸಿರಿಂಜಿನಲ್ಲಿ ಸ್ವಲ್ಪ ರಕ್ತ ತೆಗೆಯಬೇಕು. ಮೊದಲ ಸಲ ಪಶುವೈದ್ಯರ ಕೈಯಲ್ಲೇ ಮಾಡಿಸಿ, ಪಕ್ಕದಲ್ಲಿ ನಿಂತು ನೋಡಿ. ಲವಂಗದ ಎಣ್ಣೆ ಕಂಡ ಮೀನನ್ನು ಅವತ್ತೇ ಮಾರಬೇಡಿ, ತಿನ್ನಲೂಬೇಡಿ.

ಈಗ ಎರಡು ಹನಿ ಟೈಲ್ಸ್ ಮೇಲೆ. ಸೂಜಿಯ ತುದಿಯಿಂದ ಹರಡಿ ಒಂದು ನಿಮಿಷ ಬಿಡಿ.

ರಕ್ತ ಮೊದಲು ಕಪ್ಪಗಿದ್ದು ಗಾಳಿ ತಾಗಿದ ಮೇಲೆ ಕೆಂಪಾದರೆ, ಅದಕ್ಕೆ ಆಮ್ಲಜನಕ ಸಿಕ್ಕಿರಲಿಲ್ಲ ಅಷ್ಟೇ. ಹಿಮೋಗ್ಲೋಬಿನ್ ಸರಿಯಾಗಿದೆ. ಗಾಳಿ ತಾಗಿದರೂ ಕಂದು ಬಣ್ಣ ಹಾಗೇ ಉಳಿದರೆ ಹಿಮೋಗ್ಲೋಬಿನ್ನೇ ಕೆಟ್ಟಿದೆ. ತೆಳ್ಳಗೆ, ರಸ್ನಾ ಥರ ಹರಿದರೆ ರಕ್ತಹೀನತೆ. ಬಣ್ಣವೂ ದಪ್ಪವೂ ಸರಿಯಿದ್ದು ಮೀನು ಮಾತ್ರ ಮಂಕಾಗಿದ್ದರೆ, ಆಗ ಲ್ಯಾಬಿನ ಅಂಕಿ ಬೇಕು. ಅಂಕಿಗಳು ಹೇಗೆ ದಾರಿ ತಪ್ಪಿಸುತ್ತವೆ ಅಂತ ಆಮೇಲೆ ಹೇಳುತ್ತೇನೆ.

ನನ್ನ ಟೈಲ್ಸ್ ಮೇಲೆ ಎರಡು ಹನಿ ಹತ್ತು ನಿಮಿಷ ಆದರೂ ಕಂದಾಗೇ ಇದ್ದವು. ಪಕ್ಕದಲ್ಲಿ ಯಲಹಂಕದ ಮೀನಿನ ರಕ್ತ ಹಾಕಿದೆ. ಅದು ಕುಂಕುಮದ ಹಾಗೆ ಕೆಂಪಾಯಿತು. ಒಂದೇ ಟೈಲ್ಸ್ ಮೇಲೆ ಎರಡನ್ನೂ ನೋಡಿದ ಮೇಲೆ ಅನುಮಾನಕ್ಕೆ ಜಾಗವೇ ಇರಲಿಲ್ಲ.

ಕಂದು ರಕ್ತ: ನೈಟ್ರೈಟ್ ಹುಡುಕಿ

ಮೀನಿನ ಹೇಲು, ಉಳಿದ ಮೇವು ಕೊಳೆತು ಅಮೋನಿಯಾ ಆಗುತ್ತದೆ. ಒಂದು ಗುಂಪಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ. ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಎರಡನೇ ಗುಂಪು ಎದ್ದು ನಿಲ್ಲುವುದು ನಿಧಾನ, ಚಳಿಯಲ್ಲಿ ಇನ್ನೂ ನಿಧಾನ. ಈ ನಡುವಿನ ಸಮಯದಲ್ಲಿ ನೈಟ್ರೈಟ್ ತುಂಬಿಕೊಳ್ಳುತ್ತದೆ. ಅದು ಕಿವಿರಿನ ಮೂಲಕ ರಕ್ತಕ್ಕೆ ಇಳಿದು ಹಿಮೋಗ್ಲೋಬಿನ್ನನ್ನು ಮೆಟ್‌ಹಿಮೋಗ್ಲೋಬಿನ್ ಆಗಿ ಬದಲಾಯಿಸುತ್ತದೆ. ಅದಕ್ಕೆ ಆಮ್ಲಜನಕ ಹೊರುವ ಶಕ್ತಿ ಇಲ್ಲ. ಬಸ್ಸು ಇದೆ, ಸೀಟು ಇಲ್ಲ ಅನ್ನುವ ಹಾಗೆ.

"ಮಾಗೂರ್‌ಗೆ ಗಾಳಿ ಕುಡಿಯೋಕೆ ಬರುತ್ತಲ್ವಾ, ಅದಕ್ಕೇನಾಗುತ್ತೆ?" ಅಂತ ತುಂಬ ಜನ ಕೇಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಅದಕ್ಕೆ ಕಿವಿರಿನ ಮೇಲೆ ಹೂಕೋಸಿನ ಹಾಗೆ ಕವಲೊಡೆದ ಒಂದು ಅಂಗ ಇದೆ, ಬಾಯಿಂದ ಎಳೆದ ಗಾಳಿಯನ್ನು ಅದು ಬಳಸುತ್ತದೆ, ನಿಜ. ಆದರೆ ಆ ಗಾಳಿಯನ್ನೂ ಮೈಗೆಲ್ಲ ಒಯ್ಯಬೇಕಾದದ್ದು ಅದೇ ರಕ್ತ. ಬಾಗಿಲು ಎರಡಿದ್ದರೂ ಒಳಗೆ ಸಾಮಾನು ಹೊರುವ ಆಳು ಒಬ್ಬನೇ.

ನನ್ನ ತೊಟ್ಟಿಯಲ್ಲಿ ನೈಟ್ರೈಟ್ ಬಂದದ್ದು ಹೇಗೆ? ಡಿಸೆಂಬರ್‌ನಲ್ಲಿ ಇಡೀ ತೊಟ್ಟಿಯನ್ನು ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿ ತೊಳೆದಿದ್ದೆ. ಚೊಕ್ಕಟ ಆಯಿತು, ಬ್ಯಾಕ್ಟೀರಿಯಾ ಪೂರ್ತಿ ಹೋದವು. ಹೊಸ ನೀರಿಗೆ ಬೆಲ್ಲ ಹಾಕಿ ಫ್ಲಾಕ್ ಎಬ್ಬಿಸಿದೆ. ಮೊದಲ ದಿನದಿಂದಲೇ ಪೂರ್ತಿ ಮೇವು. ಹೊಸ ತೊಟ್ಟಿ ಹದಕ್ಕೆ ಬರಲು 4ರಿಂದ 6 ವಾರ ಬೇಕು. ನನ್ನದು ನಾಲ್ಕನೇ ವಾರದಲ್ಲಿತ್ತು, ಅದೂ ಬೆಂಗಳೂರಿನ ಜನವರಿ ಚಳಿಯಲ್ಲಿ.

ಇದಕ್ಕೆ ಮದ್ದು ಉಪ್ಪು. ಕಿವಿರಿನಲ್ಲಿ ನೈಟ್ರೈಟ್ ಮತ್ತು ಕ್ಲೋರೈಡ್ ಒಳಹೋಗುವುದು ಒಂದೇ ಬಾಗಿಲಿನಿಂದ. ಕ್ಲೋರೈಡ್ ಜಾಸ್ತಿ ಇದ್ದರೆ ನೈಟ್ರೈಟ್ ಹೊರಗೇ ಉಳಿಯುತ್ತದೆ. ಬೆಕ್ಕುಮೀನಿಗೆ ನೈಟ್ರೈಟಿನ ಹತ್ತು ಪಟ್ಟು ಕ್ಲೋರೈಡ್ ಇರಲಿ ಅನ್ನುವುದು ಹಳೆಯ, ಗಟ್ಟಿಯಾದ ಲೆಕ್ಕ.

ಇಲ್ಲಿ ನಾನೊಂದು ಎಡವಟ್ಟು ಮಾಡಿದೆ. ನೈಟ್ರೈಟ್ ಅಳೆಯುವ ಕಿಟ್ ಲೀಟರಿಗೆ 2.4 ಮಿಲಿಗ್ರಾಂ ತೋರಿಸಿತು. ಹತ್ತು ಪಟ್ಟು ಅಂದರೆ 24. ನನ್ನದು ಶೆಡ್ಡಿನ ಚಾವಣಿಯಿಂದ ಹಿಡಿದ ಮಳೆನೀರು, ಅದರಲ್ಲಿ ಕ್ಲೋರೈಡ್ ಇದ್ದದ್ದು ಸುಮಾರು 20. ಇನ್ನು 4 ಸಾಕಲ್ಲ ಅಂತ ಒಂದು ಹಿಡಿ ಉಪ್ಪು ಎಸೆದು ಮಲಗಿದೆ. ಬೆಳಗ್ಗೆ ಮತ್ತೆ ಮೂರು ಸತ್ತಿದ್ದವು. ಕಿಟ್‌ನ ಚೀಟಿಯನ್ನು ಕನ್ನಡಕ ಹಾಕಿಕೊಂಡು ಓದಿದೆ. ಅದು ತೋರಿಸುವುದು ನೈಟ್ರೈಟಿನಲ್ಲಿರುವ ನೈಟ್ರೋಜನ್ ಮಾತ್ರ. ಪೂರ್ತಿ ನೈಟ್ರೈಟ್ ಬೇಕೆಂದರೆ 3.3ರಿಂದ ಗುಣಿಸಬೇಕು. ಅಂದರೆ ಸುಮಾರು 8. ಬೇಕಾದ ಕ್ಲೋರೈಡ್ 80. ಇದ್ದದ್ದು 20. ಕೊರತೆ 60.

ಲೀಟರಿಗೆ 1 ಮಿಲಿಗ್ರಾಂ ಕ್ಲೋರೈಡ್ ಏರಿಸಲು 1000 ಲೀಟರ್ ನೀರಿಗೆ ಸುಮಾರು 1.65 ಗ್ರಾಂ ಉಪ್ಪು. ನಾಲ್ಕು ಮೀಟರ್ ಅಗಲದ ಗುಂಡು ತೊಟ್ಟಿಯಲ್ಲಿ ಒಂದು ಮೀಟರ್ ನೀರು ಅಂದರೆ ಸುಮಾರು 12,500 ಲೀಟರ್. 60ಕ್ಕೆ ಲೆಕ್ಕ ಹಾಕಿದರೆ ಒಂದೂಕಾಲು ಕಿಲೋ. ಅಷ್ಟೇ. ಒಂದೂಕಾಲು ಕಿಲೋ ಕಲ್ಲುಪ್ಪಿನ ವಿಷಯಕ್ಕೆ ನಾನು ಏರೇಟರ್ ಕೊಂಡಿದ್ದೆ! ಬಕೆಟ್‌ನಲ್ಲಿ ಕರಗಿಸಿ ನಿಧಾನವಾಗಿ ಸುತ್ತಲೂ ಸುರಿದೆ. ಮೇವು ನಿಲ್ಲಿಸಿದೆ. ಮಾರನೇ ದಿನ ಬಾಯಿ ಬಡಿಯುವುದು ಕಮ್ಮಿಯಾಯಿತು. ಎರಡನೇ ದಿನ ಟೈಲ್ಸ್ ಮೇಲಿನ ಹನಿ ಕೆಂಪಾಯಿತು. ನೈಟ್ರೈಟ್ ಒಳಬರುವುದು ನಿಂತರೆ ಮೀನಿನ ಮೈಯೇ ಕೆಟ್ಟ ಹಿಮೋಗ್ಲೋಬಿನ್ನನ್ನು ಸರಿಮಾಡಿಕೊಳ್ಳುತ್ತದೆ.

ಒಂದು ಸೂಕ್ಷ್ಮ ಇಲ್ಲಿದೆ. ನಮ್ಮ ಕಡೆಯ ಬೋರ್ ನೀರಿನಲ್ಲಿ ಎಷ್ಟೋ ಕಡೆ ಕ್ಲೋರೈಡ್ ಮೊದಲೇ ಚೆನ್ನಾಗಿರುತ್ತದೆ. ಅದೇ 8 ಮಿಲಿಗ್ರಾಂ ನೈಟ್ರೈಟ್ ಅಂಥ ತೊಟ್ಟಿಯಲ್ಲಿ ಬಂದಿದ್ದರೆ ಮೀನು ಬಹುಶಃ ಉಸಿರಿಗೆ ಒದ್ದಾಡುತ್ತಲೇ ಇರಲಿಲ್ಲ. ಮಳೆನೀರು ಮೆದು, ಒಳ್ಳೆಯದು ಅಂತ ಬೀಗುತ್ತಿದ್ದೆ. ಆ ಮೆದುವೇ ಕೈ ಕೊಟ್ಟಿತು. ಹಾಗಾಗಿ "ನೈಟ್ರೈಟ್ ಎಷ್ಟು?" ಅಂತ ಮಾತ್ರ ಕೇಳುವವರಿಗೆ ನಾನು ಉತ್ತರ ಕೊಡುವುದಿಲ್ಲ. ಕ್ಲೋರೈಡ್ ಎಷ್ಟು ಅಂತಲೂ ಹೇಳಬೇಕು.

ನೈಟ್ರೈಟ್ ಸೊನ್ನೆ, ಆದರೂ ರಕ್ತ ಕಂದು? ಆಗ ನಲ್ಲಿ ಕಡೆ ನೋಡಿ. ಕಾವೇರಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ, ನಮಗೆ ಕುಡಿಯಲು ಅದು ಬೇಕೇ ಬೇಕು. ಆದರೆ ಅಮೋನಿಯಾ ಇರುವ ತೊಟ್ಟಿಗೆ ಪೈಪನ್ನು ನೇರವಾಗಿ ಬಿಟ್ಟರೆ ಎರಡೂ ಸೇರಿ ಕ್ಲೋರಮೈನ್ ಆಗುತ್ತದೆ. ಅದೂ ಹಿಮೋಗ್ಲೋಬಿನ್ನನ್ನು ಹಾಳುಮಾಡುತ್ತದೆ, ಕಿವಿರನ್ನೂ ಸುಡುತ್ತದೆ. ನೀರನ್ನು ಬೇರೆ ಡ್ರಮ್ಮಿನಲ್ಲಿ ಒಂದು ರಾತ್ರಿ ಗಾಳಿಯಾಡಿಸಿ, ಇಲ್ಲವೇ 1 ಮಿಲಿಗ್ರಾಂ ಕ್ಲೋರಿನ್‌ಗೆ ಸುಮಾರು 7 ಮಿಲಿಗ್ರಾಂ ಸೋಡಿಯಂ ಥಯೋಸಲ್ಫೇಟ್ ಹಾಕಿ, ಆಮೇಲೆ ತೊಟ್ಟಿಗೆ ಬಿಡಿ. ಅಕ್ವೇರಿಯಂ ಅಂಗಡಿಯ ಮಿಥಿಲೀನ್ ಬ್ಲೂ ಅನ್ನುವ ನೀಲಿ ಔಷಧಿಯ ಬಾಟಲಿ ಮುಟ್ಟಬೇಡಿ. ಇದು ತಿನ್ನುವ ಮೀನು.

ತೆಳು ರಕ್ತ: ಎಷ್ಟು ಮೀನಿಗೆ, ಯಾವ ತೊಟ್ಟಿಯಲ್ಲಿ?

ಕಿವಿರು ಬಿಳಿಚಿಕೊಂಡಿದೆ, ತುಟಿಯೂ ಬಿಳಿ. ಆಗ ನಾನು ಕೇಳುವ ಪ್ರಶ್ನೆ ಒಂದೇ. ಎಲ್ಲ ಮೀನಿಗೂ ಒಂದೇ ಸಮ ಆಗಿದೆಯಾ, ಕೆಲವಕ್ಕೆ ಮಾತ್ರವಾ?

ಕೆಲವಕ್ಕೆ ಮಾತ್ರ ಅಂದರೆ ರಕ್ತ ಹೀರುವವರನ್ನು ಹುಡುಕಿ. ದೊಡ್ಡಬಳ್ಳಾಪುರದ ಮಣ್ಣಿನ ಕೊಳದಲ್ಲಿ ಮೀನಿನ ಬಾಯಿಯ ಒಳಗೆ, ಮೀಸೆಯ ಬುಡದಲ್ಲಿ ಜಿಗಣೆ ಸಿಕ್ಕವು. ಜಿಗಣೆ ರಕ್ತ ಕುಡಿಯುವುದಷ್ಟೇ ಅಲ್ಲ, ಟ್ರಿಪನೊಸೋಮ ಅನ್ನುವ ರಕ್ತದ ಪರಾವಲಂಬಿಯನ್ನೂ ಒಂದು ಮೀನಿನಿಂದ ಇನ್ನೊಂದಕ್ಕೆ ದಾಟಿಸುತ್ತದೆ. ಹಸಿ ರಕ್ತದ ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಕಣಗಳ ನಡುವೆ ಅದು ಹಾವಿನ ಹಾಗೆ ಹೊರಳಾಡುವುದು ಕಾಣುತ್ತದೆ. ಟಾರ್ಪಾಲಿನ್ ತೊಟ್ಟಿಯಲ್ಲಿ ಈ ತಾಪತ್ರಯ ಅಪರೂಪ. ಮೈಮೇಲೆ ಕೆಂಪು ಕಲೆ, ಹೊಟ್ಟೆಯಲ್ಲಿ ನೀರು ಇದ್ದರೆ ಏರೊಮೊನಾಸ್ ಥರದ ಬ್ಯಾಕ್ಟೀರಿಯಾ ಇರಬಹುದು. ಅವು ರಕ್ತಕಣವನ್ನೇ ಒಡೆಯುತ್ತವೆ. ಅದು ಪಶುವೈದ್ಯರ ಕೆಲಸ, ಮೆಡಿಕಲ್ ಶಾಪಿನ ಆಂಟಿಬಯಾಟಿಕ್‌ದಲ್ಲ.

ಎಲ್ಲಕ್ಕೂ ಒಂದೇ ಸಮ ಅಂದರೆ ಮೇವಿನ ಚೀಲ ಮೂಸಿ ನೋಡಿ. ನಿಜವಾಗಿ ಮೂಗಿಗೆ ಹಿಡಿದು. ಹಳೇ ಕಡಲೆಕಾಯಿ ಎಣ್ಣೆಯ ಕಮಟು ವಾಸನೆ ಬಂದರೆ ಮೇವಿನ ಕೊಬ್ಬು ಕೆಟ್ಟಿದೆ, ಅದರಲ್ಲಿದ್ದ ವಿಟಮಿನ್ ಇ ಕೂಡ ಹೋಗಿದೆ. ಕೆಂಪು ಕಣದ ಗೋಡೆಯನ್ನು ಕಾಯುವುದು ಅದೇ. ಬೂಷ್ಟು ಹಿಡಿದಿದ್ದರೆ ಅಫ್ಲಟಾಕ್ಸಿನ್ ಭಯ, ಅದೂ ರಕ್ತ ಇಳಿಸುತ್ತದೆ. ಫೋಲಿಕ್ ಆಮ್ಲ ಇಲ್ಲದ ಮೇವಿನಿಂದಲೂ ಬೆಕ್ಕುಮೀನಿಗೆ ರಕ್ತ ಉತ್ಪತ್ತಿ ಕುಗ್ಗುತ್ತದೆ. ಮಳೆಗಾಲದಲ್ಲಿ ಮೆಟ್ಟಿಲ ಕೆಳಗೆ ನೆಲಕ್ಕೆ ತಾಗಿಸಿ ಇಟ್ಟ ಚೀಲವನ್ನು ಮೂರು ತಿಂಗಳಾದ ಮೇಲೆ ಬಳಸಬೇಡಿ. ಕಮ್ಮಿಗೆ ಸಿಗುತ್ತದೆ ಅಂತ ಕೋಳಿ ಅಂಗಡಿಯ ಕರುಳು ಹಾಕುವವರ ಬಗ್ಗೆ ಏನೂ ಹೇಳುವುದಿಲ್ಲ. ಆ ನೀರಿನ ವಾಸನೆಯೇ ಹೇಳುತ್ತದೆ.

ಮೇವು ಸರಿ, ಜಿಗಣೆ ಇಲ್ಲ, ಆದರೂ ತಿಂಗಳಿಂದ ತಿಂಗಳಿಗೆ ರಕ್ತ ಇಳಿಯುತ್ತಿದೆಯಾ? ನೀರು ಎಲ್ಲಿಂದ ಬರುತ್ತಿದೆ ನೋಡಿ. ನಗರದ ಕೊಳಚೆ, ಕಾರ್ಖಾನೆ ನೀರು ಸೇರುವ ಕೆರೆ ಕಾಲುವೆಗಳ ಪಕ್ಕದಲ್ಲಿ ಕೊಳ ಇದ್ದರೆ ಸೀಸದಂಥ ಲೋಹದ ಅನುಮಾನ ಬರಬೇಕು. ಸೀಸ ಹಿಮೋಗ್ಲೋಬಿನ್ ತಯಾರಿಯನ್ನೇ ತಡೆಯುತ್ತದೆ. ಬಣ್ಣ ಹಾಕಿದ ಸ್ಲೈಡಿನಲ್ಲಿ ಕೆಂಪು ಕಣದ ನ್ಯೂಕ್ಲಿಯಸ್ ಪಕ್ಕ ಇನ್ನೊಂದು ಪುಟ್ಟ ಚುಕ್ಕೆ ಮೇಲಿಂದ ಮೇಲೆ ಕಂಡರೆ, ಅದು ಮಾಲಿನ್ಯದ ಒಂದು ಗುರುತು. ಇದಕ್ಕೆ ಉಪ್ಪೂ ಇಲ್ಲ, ಟಾನಿಕ್ಕೂ ಇಲ್ಲ. ನೀರನ್ನೇ ಬದಲಾಯಿಸಬೇಕು. ಆ ಮೀನು ಊಟಕ್ಕೂ ಬೇಡ.

ಅಂಕಿ ಸುಳ್ಳು ಹೇಳುವ ಜಾಗಗಳು

ಮೊದಲ ಸಲ ನಾನು ರಕ್ತದ ಟ್ಯೂಬನ್ನು ಮನುಷ್ಯರ ಲ್ಯಾಬ್ ಒಂದಕ್ಕೆ ಕೊಟ್ಟೆ. ರಿಪೋರ್ಟ್ ಬಂತು. ಬಿಳಿ ರಕ್ತಕಣ ಲಕ್ಷಗಟ್ಟಲೆ, ಕೆಳಗೆ "ತಕ್ಷಣ ವೈದ್ಯರನ್ನು ಕಾಣಿ" ಅಂತ ಕೆಂಪಕ್ಷರ. ಮೀನಿಗೆ ರಕ್ತದ ಕ್ಯಾನ್ಸರ್ ಬಂತು ಅಂತ ಮನೆಯಲ್ಲಿ ಒಂದು ವಾರ ನಗು. ತಪ್ಪು ಲ್ಯಾಬಿನದ್ದಲ್ಲ, ನನ್ನದು. ನಮ್ಮ ಕೆಂಪು ಕಣಕ್ಕೆ ನ್ಯೂಕ್ಲಿಯಸ್ ಇಲ್ಲ, ಮೀನಿನದಕ್ಕೆ ಇದೆ. ಯಂತ್ರ ಕೆಂಪು ಕಣಗಳನ್ನು ಒಡೆದು ಉಳಿದ ನ್ಯೂಕ್ಲಿಯಸ್‌ಗಳನ್ನೆಲ್ಲ ಬಿಳಿ ಕಣ ಅಂತ ಎಣಿಸುತ್ತದೆ. ಹಿಮೋಗ್ಲೋಬಿನ್ ಅಂಕಿಯೂ ಅದರಿಂದ ಮೇಲೇರುತ್ತದೆ. ಮೀನಿನ ರಕ್ತವನ್ನು ಕೈಯಿಂದಲೇ ಎಣಿಸಬೇಕು. ಹಿಮೋಗ್ಲೋಬಿನ್ ನೋಡುವ ಮುನ್ನ ಟ್ಯೂಬನ್ನು ಯಂತ್ರದಲ್ಲಿ ಜೋರಾಗಿ ತಿರುಗಿಸಿ ಆ ನ್ಯೂಕ್ಲಿಯಸ್‌ಗಳನ್ನು ತಳಕ್ಕಿಳಿಸಬೇಕು.

ಎರಡನೇ ಸಲ ಸರಿಯಾದ ಲ್ಯಾಬಿಗೇ ಹೊರಟೆ. ಏಪ್ರಿಲ್ ಬಿಸಿಲು, ಹೆಬ್ಬಾಳ ಫ್ಲೈಓವರ್ ಮೇಲೆ ಮುಕ್ಕಾಲು ಗಂಟೆ. ಟ್ಯೂಬು ಕಾರಿನ ಡ್ಯಾಶ್‌ಬೋರ್ಡ್ ಮೇಲೆ. ತಲುಪುವಷ್ಟರಲ್ಲಿ ಮೇಲಿನ ತಿಳಿ ಕೆಂಪಾಗಿತ್ತು, ಕಣಗಳು ಒಡೆದಿದ್ದವು. ಅದನ್ನು ನೋಡಿ "ಮೀನಿಗೆ ರಕ್ತ ಒಡೆಯುವ ರೋಗ" ಅಂದುಬಿಡುವುದು ಸುಲಭ. ಈಗ ಐಸ್ ಡಬ್ಬಿಯಲ್ಲಿ ಒಯ್ಯುತ್ತೇನೆ, ಟ್ಯೂಬು ನೇರವಾಗಿ ಐಸಿಗೆ ತಾಗದ ಹಾಗೆ ಬಟ್ಟೆ ಸುತ್ತಿ.

ಮೂರನೆಯದು ಬಲೆ. ಮೀನನ್ನು ಐದು ನಿಮಿಷ ಅಟ್ಟಿಸಿಕೊಂಡು ಹಿಡಿದು ರಕ್ತ ತೆಗೆದರೆ ಗ್ಲೂಕೋಸ್ ಏರಿರುತ್ತದೆ, ಕೆಂಪು ಕಣ ಊದಿರುತ್ತದೆ. ಊದಿರುವುದನ್ನು ಕಂಡುಹಿಡಿಯುವ ಲೆಕ್ಕ ಹೀಗೆ. 100 ಮಿಲಿ ರಕ್ತದಲ್ಲಿ ಹಿಮೋಗ್ಲೋಬಿನ್ 9 ಗ್ರಾಂ, ರಕ್ತದಲ್ಲಿ ಕೆಂಪು ಕಣದ ಪಾಲು ಶೇ. 30 ಅಂದುಕೊಳ್ಳಿ. ಹಿಮೋಗ್ಲೋಬಿನ್ನನ್ನು ಕಣದ ಪಾಲಿನಿಂದ ಭಾಗಿಸಿ ನೂರರಿಂದ ಗುಣಿಸಿದರೆ 30. ಗಾಬರಿಯಾದ ಮೀನಿನಲ್ಲಿ ಹಿಮೋಗ್ಲೋಬಿನ್ 9 ಆಗಿಯೇ ಇದ್ದು ಕಣದ ಪಾಲು 36 ಆದರೆ ಉತ್ತರ 25. ರಕ್ತ ಜಾಸ್ತಿಯಾಗಿಲ್ಲ, ಕಣ ನೀರು ಕುಡಿದು ದಪ್ಪಗಾಗಿದೆ ಅಷ್ಟೇ.

ಇನ್ನು ಮೂರು ಜಾಗದ ಅಂಕಿ. ಕಣದ ಪಾಲು ಮಣ್ಣಿನ ಕೊಳದಲ್ಲಿ 41, ಯಲಹಂಕದಲ್ಲಿ 31, ಹೆಸರಘಟ್ಟದಲ್ಲಿ ನೈಟ್ರೈಟ್ ಕಾಟ ಮುಗಿದ ಮೇಲೆ 24. ಸ್ನೇಹಿತರಿಗೆ ಖುಷಿಯೋ ಖುಷಿ. "ನೋಡಿ, ಮಣ್ಣಿನ ಗುಣ. ನಮ್ಮ ಮೀನಿಗೆ ರಕ್ತ ಜಾಸ್ತಿ." ಹಿಮೋಗ್ಲೋಬಿನ್ ಕೂಡ ಅದೇ ಪ್ರಮಾಣದಲ್ಲಿ ಏರಿತ್ತು, ಅಂದರೆ ಊದಿದ್ದಲ್ಲ. ನನಗೆ ಅನುಮಾನ ಬಂದು ಬೆಳಗ್ಗೆ ಐದೂವರೆಗೆ ಮೀಟರ್ ಹಿಡಿದು ಹೋದೆ. ಮಧ್ಯಾಹ್ನ 9 ದಾಟುವ ಆಮ್ಲಜನಕ ಆ ಹೊತ್ತಿಗೆ 1 ಇತ್ತು. ಹಸಿರು ಪಾಚಿ ಹಗಲು ಆಮ್ಲಜನಕ ಕೊಡುತ್ತದೆ, ರಾತ್ರಿ ತಾನೇ ಅದನ್ನು ಕುಡಿಯುತ್ತದೆ. ದಿನಾ ರಾತ್ರಿ ಉಸಿರು ಕಟ್ಟಿ ಕಟ್ಟಿ ಮೀನು ಹೆಚ್ಚು ಕೆಂಪು ಕಣ ತಯಾರಿಸಿಕೊಂಡಿತ್ತು. ಸ್ನೇಹಿತರು ಗುಣ ಅಂದದ್ದು ಕೊರತೆಯ ಗುರುತಾಗಿತ್ತು. ಮೇವು ಕಮ್ಮಿ ಮಾಡಿ, ರಾತ್ರಿ ಏರೇಟರ್ ಹಾಕಿದ ಮೇಲೆ ಅಂಕಿ ನಿಧಾನಕ್ಕೆ ಕೆಳಗಿಳಿಯಿತು. ಅವರಿಗೆ ಸ್ವಲ್ಪ ಬೇಜಾರೂ ಆಯಿತು.

ಬೋರ್ ನೀರಿನವರಿಗೆ ಒಂದು ಬಕೆಟ್ ಪರೀಕ್ಷೆ

ಆಳದ ಬೋರ್ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಜಾಸ್ತಿ ಇರಬಹುದು. ಅದು ರಕ್ತವನ್ನು ಆಮ್ಲೀಯ ಮಾಡುತ್ತದೆ, ಆಗ ಹಿಮೋಗ್ಲೋಬಿನ್ನಿಗೆ ಆಮ್ಲಜನಕ ಹಿಡಿದುಕೊಳ್ಳಲು ಕಷ್ಟ. ಒಂದು ಬಕೆಟ್ ನೀರು ಹಿಡಿದ ಕೂಡಲೇ ಪಿಎಚ್ (ನೀರು ಎಷ್ಟು ಆಮ್ಲೀಯ ಅಂತ ಹೇಳುವ ಅಂಕಿ, ಕಮ್ಮಿಯಿದ್ದಷ್ಟೂ ಆಮ್ಲೀಯ) ನೋಡಿ. ರಾತ್ರಿಯಿಡೀ ಗಾಳಿಯಾಡಿಸಿ ಬೆಳಗ್ಗೆ ಮತ್ತೆ ನೋಡಿ. 6.8 ಇದ್ದದ್ದು 7.8 ಆದರೆ ಹಾರಿಹೋದದ್ದು ಆ ಅನಿಲವೇ. ಹೊಸ ನೀರನ್ನು ಇನ್ನು ಮುಂದೆ ಗಾಳಿಯಾಡಿಸಿಯೇ ಬಿಡಿ. ಆದರೆ ಮೀನಿರುವ, ಅಮೋನಿಯಾ ಇರುವ ತೊಟ್ಟಿಯಲ್ಲಿ ಸುಣ್ಣ ಹಾಕಿ ಪಿಎಚ್ ಏರಿಸಲು ಹೋಗಬೇಡಿ. 25 ಡಿಗ್ರಿಯಲ್ಲಿ ಪಿಎಚ್ 7ರಿಂದ 8ಕ್ಕೆ ಏರಿದರೆ ಅಮೋನಿಯಾದ ವಿಷದ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ.

ಕೆಂಪಾಯಿತು ಅಂತ ಕಿಟ್ ಒಳಗಿಡಬೇಡಿ

ಕಂದು ರಕ್ತ ವಾಸಿಯಾದ ಒಂದರಿಂದ ಮೂರು ವಾರದೊಳಗೆ ಬ್ಯಾಕ್ಟೀರಿಯಾ ರೋಗ ಕಾಣಿಸಿಕೊಳ್ಳುವುದುಂಟು. ನನ್ನ ತೊಟ್ಟಿಯಲ್ಲಿ ಹದಿಮೂರನೇ ದಿನ ಎರಡು ಮೀನಿನ ಹೊಟ್ಟೆಯಡಿ ಕೆಂಪು ಚುಕ್ಕೆ ಬಂತು. 24ಕ್ಕೆ ಇಳಿದಿದ್ದ ಅಂಕಿಯೂ ಆಗಿನದ್ದೇ. ಸ್ಲೈಡಿನಲ್ಲಿ ದುಂಡಗಿನ, ನೀಲಿ ಛಾಯೆಯ ಎಳೇ ಕೆಂಪು ಕಣಗಳು ಬೇಕಾದಷ್ಟಿದ್ದವು. ಮೈ ಹೊಸ ರಕ್ತ ಮಾಡುತ್ತಿದೆ ಅಂತ ಅರ್ಥ. ಅವು ಇಲ್ಲದಿದ್ದರೆ ಚಿಂತೆ ಮಾಡಬೇಕಿತ್ತು. ಆ ಎರಡನ್ನು ಬೇರೆ ಇಟ್ಟೆ, ಮೇವನ್ನು ಅರ್ಧಕ್ಕೆ ಇಳಿಸಿದೆ.

ನಿಮ್ಮ ಕೈಮೀರಿದರೆ ಹೆಸರಘಟ್ಟದಲ್ಲಿ ಕೇಂದ್ರೀಯ ಸಿಹಿನೀರು ಮೀನು ಸಾಕಣೆ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಇದೆ, ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜಿದೆ. ಹೋಗುವ ಮುಂಚೆ ಫೋನ್ ಮಾಡಿ. ಸತ್ತ ಮೀನನ್ನು ಕವರಿನಲ್ಲಿ ಹಾಕಿಕೊಂಡು ಹೋಗಬೇಡಿ, ಸತ್ತ ಮೇಲೆ ರಕ್ತ ಬೇಗ ಕೆಡುತ್ತದೆ, ಕಿವಿರೂ ತಾನಾಗಿ ಬಿಳಿಚುತ್ತದೆ. ನರಳುತ್ತಿರುವ ಎರಡು, ಚೆನ್ನಾಗಿರುವ ಒಂದು, ಮೂರೂ ಜೀವಂತ ಇರಲಿ. ಒಂದು ಲೀಟರ್ ತೊಟ್ಟಿ ನೀರು ಬೇರೆ ಬಾಟಲಿಯಲ್ಲಿ. ಒಂದು ಹಿಡಿ ಮೇವು. ತೊಟ್ಟಿ ಯಾವತ್ತು ತೊಳೆದಿರಿ, ನೀರು ಎಲ್ಲಿಯದು ಅಂತ ಒಂದು ಚೀಟಿ. ನನ್ನ ಚೀಟಿಯಲ್ಲಿ ಬ್ಲೀಚಿಂಗ್ ಪೌಡರ್ ವಿಷಯ ಬರೆದಿರಲಿಲ್ಲ. ಅಲ್ಲಿದ್ದವರು ಕೇಳಿದ ಮೊದಲ ಪ್ರಶ್ನೆಯೇ ಅದು.